ತೊಡೆ ಮುರಿದ ಮೇಲಿನ ರಾತ್ರಿ

“ದುರ್ಯೋಧನ ಬಿದ್ದಕೂಡ್ಲೆ ಎದ್ದು ಬಂದುಬಿಡಬೇಕ್ರಿ. ಅದರ ಮುಂದಿಂದು ನೋಡಾಕ ಆಗೂದಿಲ್ಲ.”

ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕದ ಮಾತು ಬಂದಲ್ಲೆಲ್ಲ ಹೀಗೆ ಹೇಳುವವರು ಒಬ್ಬರಾದರೂ ಇರುತ್ತಾರೆ. ಬಳ್ಳಾರಿಯಲ್ಲಿ ಇದ್ದಾರೆ, ಕೊಪ್ಪಳದಲ್ಲಿ ಇದ್ದಾರೆ. ಮೊನ್ನೆ ಬಾರಾಮತಿಯ ಚಹಾದಂಗಡಿಯೊಂದರಲ್ಲೂ ಇದ್ದರು. ಸಿಂದಗಿ ಕಡೆಯವರು, ಇಲ್ಲಿನ ಕಾರ್ಖಾನೆ ಕೆಲಸಕ್ಕೆಂದು ಬಂದು ಇಲ್ಲೇ ಮನೆ ಮಾಡಿಕೊಂಡವರು. ಊರ ಜಾತ್ರೆಗೆ ಹೋಗಿ ಬೆಳತನಕ ನಾಟಕ ನೋಡಿ ಬಂದಿದ್ದರು. ನೋಡಲಾಗುವುದಿಲ್ಲ ಎಂದವರು ಬೆಳಗಿನ ಮಂಗಳದವರೆಗೂ ಕೂತಿದ್ದು ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ನಿವೃತ್ತ ಮರಾಠಿ ಮಾಸ್ತರರಿಗೆ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಅವರು ಅದೇ ಮಾತನ್ನು ಮತ್ತೆ ಹೇಳಿದರು. ಮಾಸ್ತರರು ಬಟ್ಟಲು ಕೆಳಗಿಟ್ಟು ತಲೆಯಾಡಿಸಿದರು. “ನಮ್ಮ ಪಂತರು ಅಲ್ಲಿಗೆ ನಿಲ್ಲಿಸಿದರೇನು?”

ಪಂತರೆಂದರೆ ಮೋರೋಪಂತ. ಬಾರಾಮತಿ ಎಂದರೆ ಹೊರಗಿನವರಿಗೆ ಕಬ್ಬು, ಸಕ್ಕರೆ ಕಾರ್ಖಾನೆ, ರಾಜಕಾರಣ. ಊರಿನ ಹಳಬರಿಗೆ ಅದು ಇಂದಿಗೂ ಮೋರೋಪಂತರ ಊರು. 1729ರಲ್ಲಿ ಪನ್ಹಾಳಗಡದಲ್ಲಿ ಹುಟ್ಟಿದ ಮೋರೇಶ್ವರ ರಾಮಜಿ ಪರಾಡಕರ, ಪೇಶವೆಯರ ನೆಂಟರಾದ ಬಾಬೂಜಿ ನಾಯಕರ ಆಶ್ರಯದಲ್ಲಿ ಇಲ್ಲಿ ಪುರಾಣ ಹೇಳುತ್ತ ಉಳಿದರು. 1794ರಲ್ಲಿ ಇಲ್ಲೇ ತೀರಿಕೊಂಡರು. ಒಂದೇ ರಾಮಾಯಣವನ್ನು 108 ಬಗೆಯಲ್ಲಿ ಬರೆದರೆಂಬ ಖ್ಯಾತಿ ಅವರದು. ಅದರಲ್ಲೊಂದು ತುಟಿ ತಾಗುವ ಅಕ್ಷರವೇ ಇಲ್ಲದ ನಿರೋಷ್ಠ ರಾಮಾಯಣ. ಹಳೆಯ ಕಥೆಯನ್ನು ಮತ್ತೆ ಮುಟ್ಟಬಾರದು ಎನ್ನುವವರು ಈ ಊರಿನಲ್ಲಿ ಸ್ವಲ್ಪ ಮೆಲ್ಲಗೆ ಮಾತನಾಡುವುದು ಒಳ್ಳೆಯದು. ಅದೇ ಕವಿ ಆರ್ಯಾ ವೃತ್ತದಲ್ಲಿ ಇಡೀ ಮಹಾಭಾರತವನ್ನು ಮರಾಠಿಗೆ ತಂದ. ಹದಿನೆಂಟು ಪರ್ವ. ಗದಾಯುದ್ಧವನ್ನೂ ದಾಟಿದ, ಅದರ ಮುಂದಿನ ರಾತ್ರಿಯನ್ನೂ ದಾಟಿದ, ಯಾದವರು ಒನಕೆಯಿಂದ ಹೊಡೆದಾಡಿ ಸಾಯುವುದನ್ನೂ ಹೇಳಿದ.

ನಮ್ಮ ಕುಮಾರವ್ಯಾಸ ಹತ್ತು ಪರ್ವಕ್ಕೆ ಮುಗಿಸಿದ್ದಾನೆ. ಆ ರಾತ್ರಿಯ ಕಥೆ ಅವನ ಗದಾಪರ್ವದೊಳಗೇ ಬಂದುಹೋಗುತ್ತದೆ, ಕೊನೆಗೆ ಧರ್ಮರಾಯನ ಪಟ್ಟ. ಉಳಿದದ್ದನ್ನು ಕೃಷ್ಣದೇವರಾಯನ ಕಾಲಕ್ಕೆ ತಿಮ್ಮಣ್ಣ ಕವಿ ಬರೆದ. ಗದುಗಿನ ಭಾರತವನ್ನು ಮನೆಮನೆಯಲ್ಲಿ ಓದಿದರು, ತಿಮ್ಮಣ್ಣನನ್ನು ಎಷ್ಟು ಮನೆಯಲ್ಲಿ ಓದಿದರೋ. ಪಟ್ಟಾಭಿಷೇಕವಾದ ಮೇಲೆ ಪುಸ್ತಕ ಕಟ್ಟಿಡುವುದು ಕೇಳುಗರಿಗೆ ಹಿತ. ಸಿಂದಗಿಯವರು ಒಬ್ಬಂಟಿಯಲ್ಲ.

ಅವರು ಎದ್ದು ಬರಬೇಕೆಂದ ಜಾಗ ಮಾತ್ರ ಬಲು ಆಸೆ ಹುಟ್ಟಿಸುವ ಜಾಗ. ರನ್ನ ಅದನ್ನು ಅಷ್ಟು ಎತ್ತರಕ್ಕೆ ಒಯ್ದಿದ್ದಾನೆ. ಹೆಣಗಳ ನಡುವೆ ಸಂಜಯನ ಹೆಗಲ ಆಸರೆಯಲ್ಲಿ ನಡೆದುಹೋಗುವ ಕೌರವ, ದ್ರೋಣನ ಹೆಣ, ತಮ್ಮನ ಹೆಣ, ಮಗನ ಹೆಣ, ಕರ್ಣನ ಹೆಣ, ನಡುವೆ ಅವನನ್ನೇ ಅಣಕಿಸುವ ಮರುಳುಗಳು, ಆಮೇಲೆ ಕೊಳ, ಆಮೇಲೆ ಗದೆ. ಇಷ್ಟಾಗುವ ಹೊತ್ತಿಗೆ ಅವನ ತಪ್ಪುಗಳೆಲ್ಲ ಕರಗಿ ಛಲವೊಂದೇ ಉಳಿದಿರುತ್ತದೆ. ನೋಡುವವನ ಗಂಟಲು ಕಟ್ಟುತ್ತದೆ. 2019ರಲ್ಲಿ ರನ್ನನ ಹೆಸರು ಹೇಳಿಕೊಂಡು ಬಂದ ‘ಕುರುಕ್ಷೇತ್ರ’ ಸಿನಿಮಾ ಕೂಡ ಈ ಛಲವನ್ನೇ ನಂಬಿತ್ತು. ದೊಡ್ಡ ಮನುಷ್ಯನೊಬ್ಬ ದೊಡ್ಡದಾಗಿ ಬಿದ್ದ, ನಾವು ಅತ್ತೆವು, ಹಗುರಾದೆವು, ಮನೆಗೆ ಹೋಗೋಣ.

ಆದರೆ ವ್ಯಾಸರು ಹೋಗಲು ಬಿಡುವುದಿಲ್ಲ. ಅದೇ ರಾತ್ರಿ ಸೌಪ್ತಿಕ ಪರ್ವ ತೆಗೆಯುತ್ತಾರೆ. ಕೌರವರ ಕಡೆ ಉಳಿದವರು ಮೂವರು: ಅಶ್ವತ್ಥಾಮ, ಕೃಪ, ಕೃತವರ್ಮ. ಕಾಡಿನ ಆಲದ ಮರದ ಕೆಳಗೆ ಉಳಿದಿಬ್ಬರಿಗೆ ನಿದ್ದೆ ಹತ್ತಿದೆ, ಅಶ್ವತ್ಥಾಮನಿಗಿಲ್ಲ. ಮೇಲೆ ಕೊಂಬೆಗಳಲ್ಲಿ ಮಲಗಿದ ಕಾಗೆಗಳ ಮೇಲೆ ಗೂಗೆಯೊಂದು ಸದ್ದಿಲ್ಲದೆ ಎರಗಿ ಕೊಲ್ಲುವುದನ್ನು ಅವನು ನೋಡುತ್ತಾನೆ. ಅಷ್ಟು ಸಾಕಾಗುತ್ತದೆ. ಮಲಗಿದವರನ್ನು ಕೊಲ್ಲುವುದು ಧರ್ಮವಲ್ಲ ಎಂದು ಕೃಪ ಹೇಳುತ್ತಾನೆ, ಚೆನ್ನಾಗಿಯೇ ಹೇಳುತ್ತಾನೆ. ಹೇಳಿ, ಹಿಂದೆಯೇ ಹೋಗುತ್ತಾನೆ. ಪಾಂಡವರ ಶಿಬಿರದ ಬಾಗಿಲಲ್ಲಿ ನಿಂತು, ಓಡಿ ಬಂದವರನ್ನು ಕತ್ತರಿಸಿ ಹಾಕುವ ಕೆಲಸ ಅವನದು, ಕೃತವರ್ಮನದು. ಮೂರು ಕಡೆ ಬೆಂಕಿ ಇಡುವವರೂ ಅವರೇ.

ಒಳಗೆ ನಡೆದದ್ದನ್ನು ಇಂದಿನ ಯಾವ ದೆವ್ವದ ಕಾದಂಬರಿಕಾರನೂ ಇದಕ್ಕಿಂತ ತಣ್ಣಗೆ ಬರೆಯಲಾರ. ಅಶ್ವತ್ಥಾಮನಿಗೆ ಮೊದಲು ಸಿಕ್ಕವನು ಅವನ ತಂದೆ ದ್ರೋಣನನ್ನು ಕೊಂದ ಧೃಷ್ಟದ್ಯುಮ್ನ. ಆಯುಧದಿಂದ ಕೊಲ್ಲು ಎಂದು ಅವನು ಬೇಡಿಕೊಂಡರೂ ಒದ್ದೇ ಕೊಲ್ಲುತ್ತಾನೆ. ಆಮೇಲೆ ದ್ರೌಪದಿಯ ಐವರು ಮಕ್ಕಳು, ಶಿಖಂಡಿ, ಪಾಂಚಾಲರ ಸೈನ್ಯ. ಹೊಗೆ, ಬಿಚ್ಚಿಕೊಂಡ ಆನೆ ಕುದುರೆಗಳು, ಯಾರನ್ನು ಯಾರು ಹೊಡೆಯುತ್ತಿದ್ದಾರೆಂದು ತಿಳಿಯದ ಕತ್ತಲು. ಆಗ ಅಲ್ಲಿ ಕೆಂಪು ಬಾಯಿಯ, ಕೆಂಪು ಕಣ್ಣಿನ ಕಪ್ಪು ಹೆಂಗಸೊಬ್ಬಳು ಹಗ್ಗ ಹಿಡಿದು ನಿಂತಿರುವುದು ಅವರಿಗೆ ಕಾಣುತ್ತದೆ. ಕಾಳರಾತ್ರಿ. ನನ್ನ ಮೈ ನಡುಗಿಸುವುದು ಅವಳ ರೂಪವಲ್ಲ. ಯುದ್ಧ ಶುರುವಾದಾಗಿನಿಂದ ಈ ಸೈನಿಕರು ರಾತ್ರಿ ರಾತ್ರಿ ಕನಸಿನಲ್ಲಿ ಅವಳನ್ನು ನೋಡುತ್ತಿದ್ದರು, ಅವಳ ಜೊತೆ ದ್ರೋಣನ ಮಗನನ್ನೂ ನೋಡುತ್ತಿದ್ದರು ಎಂಬ ಮಾತೊಂದು ಅಲ್ಲೇ ಬರುತ್ತದೆ. ಹಗಲೆಲ್ಲ ಶಂಖ, ಭೇರಿ, ವೀರರ ಮಾತು, ರಾತ್ರಿಯಾದರೆ ಎಲ್ಲರಿಗೂ ಒಂದೇ ಕನಸು. ಈ ಮಾತು ಓದಿದ ಮೇಲೆ ಭೀಷ್ಮಪರ್ವವನ್ನು ಮೊದಲಿನ ಹಾಗೆ ಓದಲಾಗುವುದಿಲ್ಲ.

ದುರಂತದ ಬೆನ್ನಿಗೆ ಭೀಕರವನ್ನು ಕಟ್ಟುವುದು ಈ ಕಾಲದ ಕೆಟ್ಟ ಚಟ, ದೊಡ್ಡ ಕೃತಿಯನ್ನು ರಕ್ತದಲ್ಲಿ ಅದ್ದಿ ಮತ್ತೆ ಮಾರುವ ಉಪಾಯ ಎಂಬ ದೂರಿಗೆ ಇಲ್ಲೇ ಉತ್ತರ ಇದೆ. ಮೂಲದವನೇ ಕಟ್ಟಿಟ್ಟಿದ್ದಾನೆ. ಭಾಸನ ‘ಊರುಭಂಗ’ ನೋಡಿ. ರಂಗದ ಮೇಲೆ ಸಾವು ತೋರಿಸಬಾರದು ಎಂಬ ಕಟ್ಟಳೆಯಿದ್ದ ಸಂಸ್ಕೃತ ನಾಟಕದಲ್ಲಿ ದುರ್ಯೋಧನ ನಮ್ಮ ಕಣ್ಣೆದುರೇ ಸಾಯುತ್ತಾನೆ, ಅದೂ ಶಾಂತನಾಗಿ, ಹಗೆ ಬಿಟ್ಟು. ಅಲ್ಲಿಗೆ ತೆರೆ ಬೀಳಬಹುದಿತ್ತು. ಆದರೆ ಅಷ್ಟರಲ್ಲಾಗಲೇ ಭಾಸ ಅಶ್ವತ್ಥಾಮನನ್ನು ಕರೆತಂದಿದ್ದಾನೆ, ಮಲಗಿದವರನ್ನು ಕೊಲ್ಲಲು ಬಾಣ ಹಿಡಿದು ಹೊರಟವನನ್ನು ತೋರಿಸಿ ನಾಟಕ ಮುಗಿಸುತ್ತಾನೆ. ಮುಂದಿನ ಭಾಗದ ಬಾಗಿಲು ತೆರೆದೇ ಇದೆ.

ಗ್ರೀಕರಲ್ಲೂ ಇದೇ. ಕ್ರಿಸ್ತಪೂರ್ವ 458ರಲ್ಲಿ ಈಸ್ಕಿಲಸ್ ಗಂಡನನ್ನು ಕೊಂದ ಹೆಂಡತಿ, ತಾಯಿಯನ್ನು ಕೊಂದ ಮಗ ಎಂದು ಎರಡು ನಾಟಕ ಆಡಿಸಿ, ಮೂರನೆಯದಕ್ಕೆ ಸತ್ತ ತಾಯಿಯ ಪ್ರೇತವನ್ನೂ ಸೇಡಿನ ದೇವತೆಗಳ ಹಿಂಡನ್ನೂ ರಂಗಕ್ಕೆ ಬಿಟ್ಟ. ಅವರನ್ನು ನೋಡಿ ಮಕ್ಕಳು ಮೂರ್ಛೆ ಹೋದರು, ಗರ್ಭಿಣಿಯರಿಗೆ ಗರ್ಭಪಾತವಾಯಿತು ಎಂದು ಎಷ್ಟೋ ಕಾಲದ ಮೇಲೆ ಅವನ ಚರಿತ್ರೆ ಬರೆದವರು ಸೇರಿಸಿದ್ದಾರೆ. ನಂಬಲೇಬೇಕೆಂದಿಲ್ಲ, ಪ್ರೇಕ್ಷಕರ ಅಭಿಪ್ರಾಯ ಅಂದೂ ಸ್ವಲ್ಪ ಬೆಳೆಯುತ್ತಲೇ ಹೋಗುತ್ತಿತ್ತು. ಅದಕ್ಕೂ ಮೊದಲು ಫ್ರಿನಿಕಸ್ ಎಂಬವನು ಮಿಲೀಟಸ್ ಪಟ್ಟಣ ಶತ್ರುಗಳ ಪಾಲಾದದ್ದನ್ನು ನಾಟಕ ಮಾಡಿದಾಗ ಅಥೆನ್ಸಿನ ಜನ ಗೋಳೋ ಎಂದು ಅತ್ತು, ಅಳಿಸಿದ್ದಕ್ಕೆ ಅವನಿಗೆ 1000 ದ್ರಾಕ್ಮಾ ದಂಡ ಹಾಕಿದರು. ಇದನ್ನು ಹೆರೊಡೊಟಸ್ ಬರೆದಿಟ್ಟಿದ್ದಾನೆ. ವಿಮರ್ಶೆ ಬರೆಯುವುದಕ್ಕಿಂತ ಅದು ನೇರವಾದ ದಾರಿ.

ಕನ್ನಡದ ಓದುಗರು ದಂಡ ಹಾಕಲಿಲ್ಲ, ಆಕ್ಷೇಪ ಎತ್ತಿದರು. ಬಿ.ಎಂ. ಶ್ರೀಕಂಠಯ್ಯನವರು (‘ಶ್ರೀ’) 1926ರಲ್ಲಿ ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ತೆಗೆದರು. ಮೂರು ವರ್ಷದ ಮೇಲೆ, 1929ರಲ್ಲಿ, ‘ಅಶ್ವತ್ಥಾಮನ್’ ಬಂತು. ಹೆಚ್ಚುಕಡಿಮೆ ಅದರ ಮುಂದಿನ ರಾತ್ರಿಯೇ. ಅಚ್ಚು ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದ್ದು. ಅಲ್ಲಿ ವೀರನೊಬ್ಬ ದೇವತೆ ಕವಿಸಿದ ಮಂಕಿನಲ್ಲಿ, ಶತ್ರುಗಳೆಂದು ತಿಳಿದು ದನಕುರಿಗಳನ್ನು ಕಡಿದು, ಬೆಳಗಾದಾಗ ನಾಚಿಕೆಯಿಂದ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಇಲ್ಲಿ ಪಾಂಡವರೆಂದು ತಿಳಿದು ಮಕ್ಕಳನ್ನು ಕೊಂದ ಅಶ್ವತ್ಥಾಮನೂ ತನ್ನ ಪ್ರಾಣ ತಾನೇ ತೆಗೆದುಕೊಳ್ಳುತ್ತಾನೆ. ಸತ್ತ ವೀರನ ಪರವಾಗಿ ನಿಲ್ಲಲು ಏಕಲವ್ಯ ಬರುತ್ತಾನೆ. ಇದು ಶ್ರೀಯವರ ಚೆಂದದ ಊಹೆ: ದ್ರೋಣ ಬೆರಳು ಕಿತ್ತುಕೊಂಡವನೇ ದ್ರೋಣನ ಮಗನ ಹೆಣಕ್ಕೆ ಕಾವಲು.

ಅಶ್ವತ್ಥಾಮ ಚಿರಂಜೀವಿ, ಅವನನ್ನು ಸಾಯಿಸುವುದು ಹೇಗೆ? ಈ ಪ್ರಶ್ನೆ ಅಂದಿನಿಂದ ಇಂದಿನವರೆಗೆ ನಿಂತಿಲ್ಲ. ಪಂಡಿತರು ಕೇಳಿದ್ದಾರೆ, ತರಗತಿಯಲ್ಲಿ ಹುಡುಗರು ಕೇಳಿದ್ದಾರೆ. ಕಾವ್ಯ ಬಲ್ಲವರು ಇದಕ್ಕೆ ಸಣ್ಣಗೆ ನಗುವುದುಂಟು. ಪುರಾಣದ ಗಣಿತವನ್ನು ರುದ್ರನಾಟಕದ ಮೇಲೆ ಹೇರಬಾರದು, ಕವಿಗೆ ಸ್ವಾತಂತ್ರ್ಯವಿದೆ ಎನ್ನುತ್ತಾರೆ. ಸ್ವಾತಂತ್ರ್ಯ ಇದೆ, ಬೇಡವೆಂದವರಾರು. ಆದರೆ ಆ ಹುಡುಗರ ಪ್ರಶ್ನೆಯೊಳಗೆ ಪುರಾಣದ ಲೆಕ್ಕಕ್ಕಿಂತ ದೊಡ್ಡದೇನೋ ಇದೆ ಎಂದು ನನಗೆ ಅನ್ನಿಸುತ್ತದೆ. ಮಕ್ಕಳನ್ನು ಮಲಗಿದಲ್ಲೇ ಕೊಂದವನಿಗೆ ಸಾವು ಬಹಳ ಅಗ್ಗವಾಯಿತು ಎಂದು ಅವರು ಹೇಳುತ್ತಿದ್ದಾರೆ. ವ್ಯಾಸರು ಅವನಿಗೆ ಸಾವನ್ನು ಕೊಡಲಿಲ್ಲ. ತಲೆಯ ಮಣಿ ಕಿತ್ತುಕೊಂಡು, ಕೀವು ರಕ್ತ ನಾರುತ್ತ, ಮಾತಾಡಿಸುವವರಿಲ್ಲದೆ ಅಲೆ ಎಂದರು. ಶ್ರೀಯವರು ಒಂದು ಕತ್ತಿ ಕೊಟ್ಟು, ಹೆಂಡತಿಯ ಅಳುವನ್ನೂ ಗೆಳೆಯನ ನಿಷ್ಠೆಯನ್ನೂ ಕೊಟ್ಟು ಅವನನ್ನು ಎತ್ತರದ ದುರಂತನಾಯಕರ ಸಾಲಿಗೆ ಸೇರಿಸಿದರು. ಕನ್ನಡದ ಅತ್ಯಂತ ಗಟ್ಟಿ ನಾಟಕಗಳಲ್ಲೊಂದು ಅದು, ಭಾಷೆಯ ಬಿಗಿಗೆ ಇಂದಿಗೂ ಸಾಟಿ ಕಡಿಮೆ. ಆದರೂ ಭೀಕರವನ್ನು ತೊಳೆದು ಮತ್ತೆ ದುರಂತ ಮಾಡಿದರು. ಏಜಾಕ್ಸ್ ಕೊಂದದ್ದು ಕುರಿಗಳನ್ನು, ಅವನ ನಾಚಿಕೆಗೆ ಅವನ ಸಾವು ಸರಿಹೋಗುತ್ತದೆ. ಇಲ್ಲಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಕುರಿಗಳಲ್ಲ.

ಹಳೆಯ ಕಥೆಯನ್ನು ಎಷ್ಟು ಬದಲಿಸಬಹುದು ಎಂಬ ಜಗಳ ಆಮೇಲೆ ದೊಡ್ಡವರ ನಡುವೆಯೂ ಆಯಿತು. ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ರಾಮನ ಬಾಣವನ್ನು ಶಂಬೂಕನಿಗೆ ನಮಸ್ಕರಿಸುವಂತೆ ಮಾಡಿದಾಗ ಮಾಸ್ತಿಯವರು ಒಪ್ಪಲಿಲ್ಲ, ಹೊಸ ವಿಚಾರಕ್ಕೆ ಹೊಸ ಕಥೆ ಕಟ್ಟಬಹುದಲ್ಲ ಎಂಬ ಧಾಟಿ ಅವರದು. ಕುವೆಂಪು ಅದಕ್ಕೆ ಉತ್ತರಿಸಿದರು. ಅವರು 1931ರಲ್ಲೇ ‘ಸ್ಮಶಾನ ಕುರುಕ್ಷೇತ್ರ’ ಬರೆದವರು: ಯುದ್ಧ ಮುಗಿದ ಕತ್ತಲಲ್ಲಿ ಹೆಣಗಳ ನಡುವೆ ತಮ್ಮವರನ್ನು ಹುಡುಕುವವರ ನಾಟಕ. ಅಲ್ಲಿ ವೀರರಿಗಿಂತ ವೀರರ ಮನೆಯವರು ನಮಗೆ ಹತ್ತಿರ.

ಕಂದಗಲ್ಲ ಹನುಮಂತರಾಯರ ಹಾದಿ ಬೇರೆ. ಈಗಿನ ಬಾಗಲಕೋಟೆ ಜಿಲ್ಲೆಯ ಕಂದಗಲ್ಲಿನವರು, 1896ರಿಂದ 1966ರವರೆಗೆ ಬಾಳಿದವರು, ಜನರ ಬಾಯಲ್ಲಿ ಕರ್ನಾಟಕದ ಶೇಕ್ಸ್‌ಪಿಯರ್. ಗ್ರೀಕರ ಅಚ್ಚನ್ನು ಮುಂದಿಟ್ಟುಕೊಂಡು ಕೂತವರಲ್ಲ. ಕಂಪನಿ ನಾಟಕಕ್ಕೆ ಟಿಕೆಟ್ ಕೊಂಡು ಬಂದವರು ನಿದ್ದೆ ಹೋಗಬಾರದು, ಅಷ್ಟೇ. ಕಂಪನಿಗಳು ಸೊರಗಿದ ಮೇಲೆ ಅವರ ‘ರಕ್ತರಾತ್ರಿ’ಯನ್ನು ಹಳ್ಳಿಗಳು ಎತ್ತಿಕೊಂಡವು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಂದಿಗೂ ಜಾತ್ರೆಯ ರಾತ್ರಿ ಊರ ಹುಡುಗರೇ ಹಾರ್ಮೋನಿಯಂ ಮಾಸ್ತರನ್ನು ಹಿಡಿದು ತಾಲೀಮು ಮಾಡಿ ಅದನ್ನು ಆಡುತ್ತಾರೆ. ಶಕುನಿ ಯಾರು ಮಾಡುತ್ತಾರೆ ಎಂಬುದರ ಮೇಲೆ ಜನ ಸೇರುತ್ತದೆ. ದ್ರೌಪದಿಯ ಪಾತ್ರಕ್ಕೆ ಮಾತ್ರ ಊರಿನ ಹುಡುಗರು ಸಾಲುವುದಿಲ್ಲ, ನಟಿಯನ್ನು ಹೊರಗಿನಿಂದ ಕರೆಸುತ್ತಾರೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಆ ಪಾತ್ರಕ್ಕೇ ಹೆಸರಾದವರು.

ನಾನು ನೋಡಿದ ಒಂದು ಊರಾಟದಲ್ಲಿ ಕೊಲೆಗಳೆಲ್ಲ ನಗೆಪಾಟಲಾದವು. ಕತ್ತಿ ಬಾಗಿತು, ಸತ್ತವನೊಬ್ಬ ಸೊಳ್ಳೆ ಹೊಡೆದುಕೊಂಡ, ಹುಡುಗರು ಶಿಳ್ಳೆ ಹಾಕಿದರು. ಆಮೇಲೆ ದ್ರೌಪದಿ ಬಂದಳು. ಕಂದ ಪದ್ಯವೊಂದನ್ನು ಎತ್ತಿ ಅರ್ಧಕ್ಕೆ ನಿಲ್ಲಿಸಿದಳು, ಮರೆತಳೋ ಬೇಕೆಂದೇ ನಿಲ್ಲಿಸಿದಳೋ ತಿಳಿಯದು. ಮುಂದೆ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಭೀಕರ ನಾಟಕಗಳ ಬಗ್ಗೆ ನನ್ನ ಅಳತೆ ಅಲ್ಲಿಂದ ಬಂದದ್ದು. ರಕ್ತ ಎಷ್ಟು ಚೆಲ್ಲಿತು ಎಂದು ನೋಡುವುದಿಲ್ಲ. ಚೆಲ್ಲಿದ ಮೇಲೆ ಯಾರು ಬಂದು ನಿಂತರು, ಅವರಿಗೆ ಎಷ್ಟು ಹೊತ್ತು ಕೊಟ್ಟರು ಎಂದು ನೋಡುತ್ತೇನೆ. ದ್ರೌಪದಿ ಬರುವ ಮೊದಲೇ ಎದ್ದುಹೋಗುವ ಪ್ರೇಕ್ಷಕ ಕೌರವನಿಗಾಗಿ ಅತ್ತು ಹಗುರಾಗಿರುತ್ತಾನೆ. ಆ ಹಗುರ ನನಗೆ ಅಷ್ಟು ಸರಿ ಕಾಣುವುದಿಲ್ಲ.

ಆ ಐವರು ಮಕ್ಕಳ ಹೆಸರು ಹೇಳಿ ಎಂದರೆ ನಮ್ಮಲ್ಲಿ ಎಷ್ಟು ಜನ ಹೇಳಿಯಾರು? ಪ್ರತಿವಿಂಧ್ಯ, ಸುತಸೋಮ, ಶ್ರುತಕರ್ಮ, ಶತಾನೀಕ, ಶ್ರುತಸೇನ. ವ್ಯಾಸಭಾರತದಲ್ಲಿ ಇವರು ಎಳೆಗೂಸುಗಳಲ್ಲ. ಹದಿನೆಂಟು ದಿನ ಯುದ್ಧ ಮಾಡಿದವರು. ಆ ರಾತ್ರಿಯೂ ಎಚ್ಚೆತ್ತು ಆಯುಧ ಹಿಡಿದೇ ಸತ್ತವರು. ನಮ್ಮ ಕಡೆ ಕಥೆ ಹೇಳುವಾಗ ಅವರು ಚಿಕ್ಕವರಾಗುತ್ತಾರೆ, ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ಮಲಗಿದ ಮಕ್ಕಳಾಗುತ್ತಾರೆ. ತೊಡೆ ಮುರಿದು ಬಿದ್ದ ಕೌರವನಿಗೆ ಸುದ್ದಿ ಮುಟ್ಟಿದಾಗ ವ್ಯಾಸರಲ್ಲಿ ಅವನಿಗೆ ಸಂತೋಷವಾಗುತ್ತದೆ, ಸಂತೋಷದಲ್ಲೇ ಪ್ರಾಣ ಬಿಡುತ್ತಾನೆ. ನಮ್ಮ ಹೇಳಿಕೆಗಳಲ್ಲಿ ಅವನು ತಲೆಗಳನ್ನು ಗುರುತಿಸಿ, ಇವು ಪಾಂಡವರವಲ್ಲ, ಹುಡುಗರವು ಎಂದು ಸಂಕಟಪಡುತ್ತಾನೆ. ಕೇಳುಗರು ಶತಮಾನಗಳ ಕಾಲ ಕೂತು ಮಾಡಿದ ತಿದ್ದುಪಡಿ ಇದು. ಮಕ್ಕಳ ವಯಸ್ಸು ಇಳಿಸಿದರು, ಕೌರವನಿಗೆ ಕೊನೆಯ ಗಳಿಗೆಯಲ್ಲಿ ಮನಸ್ಸು ಕೊಟ್ಟರು, ಅಶ್ವತ್ಥಾಮನಿಗೆ ಮಾತ್ರ ಏನೂ ಕೊಡಲಿಲ್ಲ.

ದ್ರೌಪದಿಯ ವಿಷಯದಲ್ಲಿ ಒಮ್ಮತವಿಲ್ಲ. ಮಹಾಭಾರತದಲ್ಲಿ ಅವಳು ಅನ್ನ ನೀರು ಬಿಟ್ಟು ಕೂತು, ಆ ಪಾಪಿಯ ತಲೆಯ ಮಣಿ ತಂದು ತೋರಿಸಿ ಎನ್ನುತ್ತಾಳೆ. ಭಾಗವತದಲ್ಲಿ, ಕಟ್ಟಿ ತಂದವನನ್ನು ಬಿಡಿ ಎನ್ನುತ್ತಾಳೆ, ತಾನು ಅಳುವ ಹಾಗೆ ಅವನ ತಾಯಿ ಕೃಪಿ ಅಳುವುದು ಬೇಡ ಎಂದು. ಬಾರಾಮತಿಯ ಮಾಸ್ತರರು ಭಾಗವತದ ಪಕ್ಷ. ಕೀರ್ತನೆಯಲ್ಲಿ ಆ ಮಾತು ಬಂದಾಗ ತನ್ನ ತಾಯಿ ಅಳುತ್ತಿದ್ದರು ಎಂದರು. ಅವರ ಮನೆಯಲ್ಲಿ ಈ ಮಾತು ಬಂದಾಗ ಕೇಳಿಸಿಕೊಂಡ ಮನೆಯವರು, ಅದನ್ನು ಬರೆದವನು ಗಂಡಸು ತಾನೇ ಎಂದುಬಿಟ್ಟರು. ಅವರ ಮೊಮ್ಮಗನಿಗೆ ಇದಾವುದೂ ಬೇಡ. ಅವನಿಗೆ ಅಶ್ವತ್ಥಾಮನೆಂದರೆ 2024ರ ‘ಕಲ್ಕಿ’ ಸಿನಿಮಾದ ಅಮಿತಾಭ್ ಬಚ್ಚನ್. ಮಹಾಭಾರತದಲ್ಲಿ ಪಾಂಡವರ ಸೊಸೆಯ ಗರ್ಭದ ಮೇಲೆ ಅಸ್ತ್ರ ಬಿಟ್ಟವನೇ ಇನ್ನೊಂದು ಗರ್ಭಕ್ಕೆ ಕಾವಲು ನಿಲ್ಲುವ ಆ ಊಹೆ ಜಾಣತನದ್ದು, ಒಪ್ಪುತ್ತೇನೆ. ಆದರೆ ಅಷ್ಟು ಎತ್ತರ, ಅಷ್ಟು ಹೊಡೆದಾಟ ನೋಡಿದರೆ ಅವನು ಶಿಕ್ಷೆ ಅನುಭವಿಸುತ್ತಿದ್ದಾನೆ ಅನ್ನಿಸುವುದಿಲ್ಲ, ಬಡ್ತಿ ಸಿಕ್ಕಂತೆ ಕಾಣುತ್ತದೆ.

ಶಿಕ್ಷೆಯ ನಿಜವಾದ ಲೆಕ್ಕ ಇಟ್ಟವರು ಮನೆಯವರು, ಹಾದಿಹೋಕರು. ನರ್ಮದಾ ಪರಿಕ್ರಮೆಗೆ ಹೋಗಿಬಂದವರನ್ನು ಮಾತಾಡಿಸಿ: ಹಣೆಯ ಗಾಯಕ್ಕೆ ಎಣ್ಣೆ ಕೇಳುತ್ತ ಬಂದ ಎತ್ತರದ ಮುದುಕನ ಕಥೆ ಒಬ್ಬರಾದರೂ ಹೇಳುತ್ತಾರೆ. ಬುರ್ಹಾನಪುರದ ಬಳಿಯ ಅಸೀರಗಡದಲ್ಲೂ ಅವನು ಸುತ್ತುತ್ತಾನೆಂಬ ನಂಬಿಕೆ ಇದೆ. ನಮ್ಮ ಮನೆಗಳಲ್ಲಿ ನರಕ ಚತುರ್ದಶಿಯ ಎಣ್ಣೆನೀರಿಗೆ ಮೊದಲು ಚಿರಂಜೀವಿಗಳ ಹೆಸರು ಹೇಳಿ ನೆಲಕ್ಕೆ ಎಣ್ಣೆಯ ಬೊಟ್ಟು ಇಡುತ್ತಾರಲ್ಲ, ಅದರಲ್ಲಿ ಮೊದಲ ಹೆಸರು ಅವನದೇ. ಮಕ್ಕಳ ನೆತ್ತಿಗೆ ಎಣ್ಣೆ ಒತ್ತುವ ಮೊದಲು ಮಕ್ಕಳನ್ನು ಕೊಂದವನಿಗೆ ಒಂದು ಹನಿ. ಕ್ಷಮೆಯೋ, ಭಯವೋ, ಎರಡೂ ಅಲ್ಲದ ಬರೀ ರೂಢಿಯೋ, ಇಡುವವರೂ ಹೇಳಲಾರರು.

ಮೂಲದಲ್ಲಿ ಕೃಷ್ಣ ಕೊಟ್ಟ ಶಾಪಕ್ಕೆ ಅವಧಿ ಇದೆ, 3000 ವರ್ಷ. ಪಂಚಾಂಗದವರು ಕಲಿಯುಗ ಶುರುವಾದದ್ದು ಕ್ರಿಸ್ತಪೂರ್ವ 3102ರಲ್ಲಿ ಎನ್ನುತ್ತಾರೆ. ಆ ಲೆಕ್ಕ ಹಿಡಿದರೆ ಅಶ್ವತ್ಥಾಮ ಬಿಡುಗಡೆಯಾಗಿ ಎರಡು ಸಾವಿರ ವರ್ಷಕ್ಕೂ ಮೇಲಾಯಿತು. ಇದನ್ನು ಮಾಸ್ತರರ ಮನೆಯಲ್ಲಿ ಹೇಳಿ ನೋಡಿದೆ. ಅದು ವ್ಯಾಸರ ಅಭಿಪ್ರಾಯ ಇರಬಹುದು ಎನ್ನುವಂತೆ ನೋಡಿದರು.